ಎಸೆತಗಾರರ ಮೊಣಕೈ: ಶಸ್ತ್ರಚಿಕಿತ್ಸೆಯ ನಂತರದ ಒಂದು ವರ್ಷ

ಕಳೆದ ಶ್ರಾವಣದಲ್ಲಿ ಈ ಪತ್ರಿಕೆಯ ಓದುಗರಾದ ತಾಯಿಯೊಬ್ಬರು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದರು. ಅವರ ಮಗಳು ಪದವಿಪೂರ್ವ ತರಗತಿಯ ವಿದ್ಯಾರ್ಥಿನಿ. ಭರ್ಜಿ ಎಸೆತದಲ್ಲಿ, ಅಂದರೆ ಜಾವೆಲಿನ್‌ನಲ್ಲಿ, ರಾಜ್ಯಮಟ್ಟದವರೆಗೆ ಹೋಗಿ ಬಂದವಳು. ಅಭ್ಯಾಸದ ವೇಳೆ ಒಂದು ದಿನ ಬಲ ಮೊಣಕೈಯ ಒಳಮಗ್ಗುಲಿನಲ್ಲಿ ಹಗ್ಗ ಕಡಿದಂತೆ ಸದ್ದಾಗಿ ಕೈ ಕೆಳಗೆ ಬಿದ್ದಿತು. ಲಿಗಮೆಂಟ್ ಹರಿದಿದೆ ಎಂದು ತಿಳಿದು ಶಸ್ತ್ರಚಿಕಿತ್ಸೆಯೂ ನಡೆಯಿತು. ಪತ್ರ ಬರೆಯುವ ಹೊತ್ತಿಗೆ ಏಳನೆಯ ವಾರ. ನೋವು ಬಹುತೇಕ ಇಲ್ಲ, ಆದರೆ ಕೈ ಪೂರ್ತಿಯಾಗಿ ನೆಟ್ಟಗಾಗುತ್ತಿಲ್ಲ. ಕೊನೆಯ ಹತ್ತು ಹದಿನೈದು ಡಿಗ್ರಿ ಬಾಗು ಹಾಗೆಯೇ ಉಳಿದಿದೆ. ಪಕ್ಕದ ಊರಿನಲ್ಲಿ ಎಣ್ಣೆ ಹಚ್ಚಿ ನೀವುವವರೊಬ್ಬರು ಮೂರೇ ಸರದಿಯಲ್ಲಿ ಕೈಯನ್ನು ನೆಟ್ಟಗೆ ಮಾಡಿಕೊಡುವುದಾಗಿ ಹೇಳಿದ್ದಾರೆ. “ತಾವು ಆಯುರ್ವೇದದವರು, ಯಾವ ತೈಲ ಒಳ್ಳೆಯದು, ಎಷ್ಟು ದಿನ ತಿಕ್ಕಿಸಬೇಕು ಎಂಬುದನ್ನು ದಯಮಾಡಿ ತಿಳಿಸಿರಿ” ಎಂಬುದು ಅವರ ಪ್ರಶ್ನೆಯಾಗಿತ್ತು.

ಪತ್ರ ಕೈಸೇರಿದ ದಿನವೇ ನಾವು ಅವರಿಗೆ ದೂರವಾಣಿ ಮಾಡಿ, ಆ ಮೊಣಕೈಗೆ ಯಾವ ತೈಲವೂ ಬೇಡ, ಯಾರ ಕೈಯೂ ಬೇಡ ಎಂದು ಹೇಳಿದೆವು. ನಾಲ್ಕು ದಶಕಗಳಿಂದ ತೈಲಾಭ್ಯಂಗವನ್ನು ಬರೆದುಕೊಡುತ್ತ ಬಂದ ವೈದ್ಯರ ಬಾಯಿಂದ ಇಂತಹ ಮಾತು ಬಂದುದಕ್ಕೆ ಅವರು ಬೆರಗಾದರು. ಅವರಿಗೆ ಆ ದಿನ ಚುಟುಕಾಗಿ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇವೆ. ಇಂದು ನಮ್ಮ ಹಳ್ಳಿಗಳ ಶಾಲೆಗಳಿಂದಲೇ ಭರ್ಜಿ, ಗುಂಡು, ಚಕ್ರ ಎಸೆಯುವ ಮಕ್ಕಳೂ ವೇಗದ ಬೌಲರುಗಳೂ ಹೊರಡುತ್ತಿದ್ದಾರೆ. ಆದ್ದರಿಂದ ಈ ಪ್ರಶ್ನೆ ಒಂದು ಮನೆಗೆ ಸೀಮಿತವಾದುದಲ್ಲ.

ಮೊದಲು ಕೀಲಿನ ವಿಚಾರ. ಮೊಣಕೈ ಬಾಗಿಲಿನ ತಿರುಗಣಿಯಂತೆ ಮಡಚುವುದಕ್ಕೂ ಬಿಚ್ಚುವುದಕ್ಕೂ ಆದ ಕೀಲು. ಬಾಗಿಲನ್ನು ತೆರೆಯುವ ಮುಚ್ಚುವ ದಿಕ್ಕಿನಲ್ಲಿ ಎಷ್ಟು ಸಾವಿರ ಸಲ ಆಡಿಸಿದರೂ ತಿರುಗಣಿ ತಾಳುತ್ತದೆ; ಪಕ್ಕಕ್ಕೆ ಒತ್ತಿದರೆ ಮೊಳೆ ಸಡಿಲವಾಗುತ್ತದೆ. ಭರ್ಜಿಯನ್ನು ಹಿಂದಕ್ಕೆ ಒಯ್ದು, ಎದೆಯನ್ನು ಮುಂದಕ್ಕೆ ಚಾಚಿ, ಇನ್ನೇನು ಕೈ ಬೀಸಬೇಕು ಎನ್ನುವ ಆ ಒಂದು ಕ್ಷಣದಲ್ಲಿ ತೋಳು ಮುಂದೆ ಬಂದಿರುತ್ತದೆ, ಮುಂಗೈ ಹಿಂದೆ ಉಳಿದಿರುತ್ತದೆ. ಆಗ ಕೀಲಿನ ಒಳಮಗ್ಗುಲು ಪಕ್ಕಕ್ಕೆ ತೆರೆದುಕೊಳ್ಳಲು ಹವಣಿಸುತ್ತದೆ. ಅದನ್ನು ತಡೆಹಿಡಿಯುವುದು ತೋಳಿನ ಮೂಳೆಯಿಂದ ಮುಂಗೈಯ ಒಳಮೂಳೆಗೆ ಬಿಗಿದಿರುವ, ಕಿರುಬೆರಳಿನಷ್ಟೂ ಅಗಲವಿಲ್ಲದ ಒಂದು ಪಟ್ಟಿ. ಪೂರ್ಣಬಲದ ಎಸೆತದಲ್ಲಿ ಅಲ್ಲಿ ಉಂಟಾಗುವ ಸೆಳೆತ ಆ ಪಟ್ಟಿಯೊಂದೇ ತಾಳಬಲ್ಲ ಮಿತಿಯನ್ನು ಮೀರಿರುತ್ತದೆ ಎಂದು ಅಳೆದು ನೋಡಿದವರು ಹೇಳುತ್ತಾರೆ. ಮಿಕ್ಕ ಭಾರವನ್ನು ಮುಂಗೈಯ ಮಾಂಸಖಂಡಗಳು ಹೊರುತ್ತವೆ. ಅವು ದಣಿದ ದಿನ ಎಲ್ಲ ಹೊರೆಯೂ ಪಟ್ಟಿಯ ಮೇಲೆ ಬೀಳುತ್ತದೆ. ಬಹಳಷ್ಟು ಲಿಗಮೆಂಟುಗಳು ಒಂದೇ ದಿನದಲ್ಲಿ ಹರಿಯುವುದಿಲ್ಲ. ದಣಿದ ಮೇಲೂ ಎಸೆದ ಅನೇಕ ದಿನಗಳ ನವೆತ ಒಂದು ದಿನ ಸದ್ದು ಮಾಡುತ್ತದೆ, ಅಷ್ಟೆ.

ಇಲ್ಲಿ ಪದವೊಂದರ ಬಗ್ಗೆ ಹೇಳಬೇಕು. ದಿನಬಳಕೆಯ ಕನ್ನಡದಲ್ಲಿ ‘ಸ್ನಾಯು’ ಎಂದರೆ ಮಾಂಸಖಂಡವೆಂದೇ ರೂಢಿಯಾಗಿಬಿಟ್ಟಿದೆ. ಆಯುರ್ವೇದದಲ್ಲಿ ಮಾಂಸಖಂಡಕ್ಕೆ ‘ಪೇಶಿ’ ಎಂಬ ಬೇರೆಯೇ ಹೆಸರಿದೆ; ‘ಸ್ನಾಯು’ ಎಂದರೆ ಕಟ್ಟುವಂತಹದು, ಬಂಧನ. ಸುಶ್ರುತಾಚಾರ್ಯರು ಶಾರೀರಸ್ಥಾನದಲ್ಲಿ ಒಂಬೈನೂರು ಸ್ನಾಯುಗಳನ್ನು ಎಣಿಸಿ, ಅವುಗಳ ಕೆಲಸಕ್ಕೆ ದೋಣಿಯ ಹೋಲಿಕೆಯನ್ನು ಕೊಡುತ್ತಾರೆ. ಹಲಗೆಗಳನ್ನು ಜೋಡಿಸಿ ಹಲವು ಕಟ್ಟುಗಳಿಂದ ಬಿಗಿದ ದೋಣಿಯು ನೀರಿನಲ್ಲಿ ಜನರ ಭಾರವನ್ನು ಹೊರುವಂತೆ, ಸ್ನಾಯುಗಳಿಂದ ಬಿಗಿಯಲ್ಪಟ್ಟ ಸಂಧಿಗಳಿಂದ ಮನುಷ್ಯನು ಭಾರವನ್ನು ತಾಳಬಲ್ಲನು ಎಂಬುದು ಅದರ ಭಾವ. ಮೂಳೆ, ಪೇಶಿ, ಸಿರೆಗಳ ಪೆಟ್ಟಿಗಿಂತ ಸ್ನಾಯುವಿನ ಪೆಟ್ಟು ಹೆಚ್ಚು ಕೆಡುಕಿನದು ಎಂದೂ ಅಲ್ಲಿಯೇ ಹೇಳಿದೆ.

ನಾವು ಬಯಲುಸೀಮೆಯಲ್ಲಿ ಹುಟ್ಟಿ, ಓದುವುದಕ್ಕೆ ಉಡುಪಿಗೆ ಬಂದು, ಹೆಜಮಾಡಿಯಲ್ಲಿ ನೆಲೆನಿಂತವರು. ಕಾಪು ತಾಲೂಕಿನ ತೆಂಕಣ ಅಂಚಿನ ಈ ಊರಿನಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಶಾಂಭವಿ ನದಿ. ನದಿ ದಾಟಿದರೆ ಮೂಲ್ಕಿ, ಅಲ್ಲಿಗೆ ಜಿಲ್ಲೆಯೇ ಬದಲಾಗುತ್ತದೆ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ದೋಣಿಯ ಹೋಲಿಕೆ ನಿಜವಾಗಿ ಅರ್ಥವಾದದ್ದು ಈ ಊರಿನ ಹಿರಿಯರು ಹಳೆಯ ದೋಣಿಗಳ ಮಾತನ್ನಾಡಿದಾಗ. ಈಗಿನವು ಫೈಬರಿನವು. ಹಿಂದೆ ಈ ಕರಾವಳಿಯಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ದೋಣಿ ಕಟ್ಟುತ್ತಿದ್ದರು. ಹೊಲಿಗೆ ಸಡಿಲವಾದರೆ ಎಷ್ಟು ಒಳ್ಳೆಯ ಮರದ ಹಲಗೆಯಾದರೂ ಪ್ರಯೋಜನವಿಲ್ಲ.

ಹೊಸ ಹುರಿ ಹಾಕಿದವರು

ಹರಿದ ಹೊಲಿಗೆಯ ಜಾಗದಲ್ಲಿ ಹೊಸ ಹುರಿ ಹಾಕುವ ಕೆಲಸವನ್ನು ಮೊದಲು ಮಾಡಿದವರು ಅಮೆರಿಕದ ಶಸ್ತ್ರವೈದ್ಯ ಫ್ರಾಂಕ್ ಜೋಬ್. 1974ರ ಸೆಪ್ಟೆಂಬರ್ 25ರಂದು ಅವರು ಟಾಮಿ ಜಾನ್ ಎಂಬ ಬೇಸ್‌ಬಾಲ್ ಎಸೆತಗಾರನ ಎಡ ಮೊಣಕೈಯ ಹರಿದ ಲಿಗಮೆಂಟಿನ ಸ್ಥಾನದಲ್ಲಿ, ಆತನದೇ ಬಲ ಮುಂಗೈಯ ಸ್ನಾಯುರಜ್ಜುವೊಂದನ್ನು ತೆಗೆದು, ಮೂಳೆಯಲ್ಲಿ ರಂಧ್ರಗಳನ್ನು ಕೊರೆದು ಹೆಣೆದರು. ಮತ್ತೆ ಆಡುವ ಸಂಭವ ನೂರರಲ್ಲಿ ಒಂದು ಎಂದು ಅವರೇ ಹೇಳಿದ್ದರು. ಕೈಯ ನರ ಸೊರಗಿ ಬೆರಳುಗಳು ಮುದುಡಿದ್ದರಿಂದ ಕೆಲವೇ ತಿಂಗಳಲ್ಲಿ ಎರಡನೆಯ ಶಸ್ತ್ರಚಿಕಿತ್ಸೆಯೂ ಬೇಕಾಯಿತು. 1975ರ ಇಡೀ ಋತುವಿನಲ್ಲಿ ಟಾಮಿ ಜಾನ್ ಆಡಲಿಲ್ಲ. 1976ರಲ್ಲಿ ಮರಳಿ ಬಂದವನು 1989ರವರೆಗೆ ಆಡಿದನು. ಪೆಟ್ಟಿಗೆ ಮೊದಲು 124 ಪಂದ್ಯಗಳನ್ನು ಗೆದ್ದಿದ್ದವನು ಅನಂತರ 164 ಪಂದ್ಯಗಳನ್ನು ಗೆದ್ದನು. ಈ ಶಸ್ತ್ರಚಿಕಿತ್ಸೆಗೆ ಇಂದಿಗೂ ವೈದ್ಯನ ಹೆಸರಿಲ್ಲ, ರೋಗಿಯ ಹೆಸರೇ ಇದೆ. ಆ ಒಂದೂವರೆ ವರ್ಷ ತಾಳ್ಮೆಯಿಂದ ಕಾದವನು ಆತನಾದ್ದರಿಂದ ಇದು ನ್ಯಾಯವೇ ಎಂದು ನಮಗೆ ಅನ್ನಿಸುತ್ತದೆ.

ಆ ಸ್ನಾಯುರಜ್ಜು ತಮ್ಮ ಕೈಯಲ್ಲಿ ಇದೆಯೇ ಎಂಬುದನ್ನು ಓದುಗರು ಈಗಲೇ ನೋಡಿಕೊಳ್ಳಬಹುದು. ಹೆಬ್ಬೆರಳನ್ನೂ ಕಿರುಬೆರಳನ್ನೂ ಕೂಡಿಸಿ ಮಣಿಕಟ್ಟನ್ನು ತುಸು ಒಳಕ್ಕೆ ಬಾಗಿಸಿದರೆ ನಡುವೆ ತಂತಿಯಂತೆ ಎದ್ದು ನಿಲ್ಲುವುದೇ ಅದು. ನೂರರಲ್ಲಿ ಸುಮಾರು ಹದಿನೈದು ಮಂದಿಗೆ ಹುಟ್ಟಿನಿಂದಲೇ ಅದು ಇರುವುದಿಲ್ಲ, ಅವರಿಗೇನೂ ಕೊರತೆಯಾಗುವುದಿಲ್ಲ. ಅಂತಹವರಿಗೆ ಮೊಣಕಾಲಿನ ಹಿಂಭಾಗದ ಸ್ನಾಯುರಜ್ಜುವನ್ನು ತೆಗೆದು ಬಳಸುವುದುಂಟು.

ಈಗ ಮುಖ್ಯವಾದ ವಿಷಯ. ಹೀಗೆ ಹೆಣೆದ ರಜ್ಜು ಶಸ್ತ್ರಚಿಕಿತ್ಸೆಯ ದಿನ ಲಿಗಮೆಂಟ್ ಆಗಿರುವುದಿಲ್ಲ. ತನ್ನ ಮೂಲಸ್ಥಾನದಿಂದ ಬೇರೆಯಾಗಿ ರಕ್ತಸಂಚಾರವನ್ನು ಕಳೆದುಕೊಂಡ ಅದು ಮೊದಲ ವಾರಗಳಲ್ಲಿ ಬಲಗೊಳ್ಳುವ ಬದಲು ದುರ್ಬಲವೇ ಆಗುತ್ತ ಹೋಗುತ್ತದೆ. ಬಳಿಕ ಅದರೊಳಕ್ಕೆ ಹೊಸ ರಕ್ತನಾಳಗಳು ಬೆಳೆದು, ಹೊಸ ಜೀವಕೋಶಗಳು ಸೇರಿ, ಎಳೆಗಳು ಸೆಳೆತದ ದಿಕ್ಕಿಗೆ ಅನುಗುಣವಾಗಿ ಜೋಡಣೆಗೊಂಡು, ತಿಂಗಳುಗಟ್ಟಲೆ ಕಳೆದ ಮೇಲೆ ಅದು ಲಿಗಮೆಂಟಿನ ಗುಣವನ್ನು ಪಡೆಯುತ್ತದೆ. ಆದರೆ ನೋವು ಇಷ್ಟು ಕಾಲ ಕಾಯುವುದಿಲ್ಲ. ಎರಡನೆಯ ತಿಂಗಳಿಗೇ ಹೋಗಿಬಿಡುತ್ತದೆ. ಕೈ ಗುಣವಾಯಿತೆಂದು ಆಟಗಾರನಿಗೆ ಅನ್ನಿಸುವ ಸಮಯಕ್ಕೂ ಒಳಗಿನ ಹುರಿ ಗಟ್ಟಿಯಾಗುವ ಸಮಯಕ್ಕೂ ನಡುವೆ ಅನೇಕ ತಿಂಗಳ ಅಂತರವಿದೆ. ಕೆಡುವವರೆಲ್ಲ ಈ ಅಂತರದಲ್ಲಿಯೇ ಕೆಡುತ್ತಾರೆ.

ತಿಕ್ಕಿದ ಮೊಣಕೈ

ಆ ತಾಯಿಯವರಿಗೆ ಅಷ್ಟು ನಿಷ್ಠುರವಾಗಿ ಬೇಡವೆಂದು ಹೇಳಿದುದಕ್ಕೆ ನಮ್ಮದೇ ಕಾರಣವೊಂದಿದೆ. ವೃತ್ತಿಯನ್ನು ಆರಂಭಿಸಿ ಮೂರು ನಾಲ್ಕು ವರ್ಷಗಳಾಗಿದ್ದ ಕಾಲ. ಹತ್ತು ವರ್ಷದ ಹುಡುಗನೊಬ್ಬ ಗೇರುಮರದಿಂದ ಬಿದ್ದು ಮೊಣಕೈಯ ಕೀಲು ತಪ್ಪಿಸಿಕೊಂಡಿದ್ದ. ಆಸ್ಪತ್ರೆಯಲ್ಲಿ ಕೀಲನ್ನು ಕೂಡಿಸಿ ಪಟ್ಟಿ ಹಾಕಿ ಕಳುಹಿಸಿದ್ದರು. ಪಟ್ಟಿ ಬಿಚ್ಚಿದಾಗ ಕೈ ಬಿಗಿದುಕೊಂಡಿತ್ತು. ಅವನ ಅಜ್ಜಿ ಕರೆತಂದು, “ಡಾಕ್ಟ್ರೇ, ಎಣ್ಣೆ ಹಾಕಿ ಒಮ್ಮೆ ಸರಿ ಮಾಡಿಕೊಡಿ” ಎಂದರು. ನಾವು ಬಿಸಿ ಮಾಡಿದ ತೈಲ ಹಚ್ಚಿ ದಿನವೂ ಮೊಣಕೈಯನ್ನೇ ನೀವಿ, ಮಗು ಅಳುತ್ತಿದ್ದರೂ ಸ್ವಲ್ಪ ಸ್ವಲ್ಪವಾಗಿ ಎಳೆದು ಬಿಚ್ಚಿಸುತ್ತ ಬಂದೆವು. ನೀವಿದಷ್ಟೂ ಕೀಲು ಗಟ್ಟಿಯಾಯಿತು. ಮೂರನೆಯ ವಾರದಲ್ಲಿ ಮೊಣಕೈಯ ಮುಂಭಾಗದಲ್ಲಿ ಗಂಟಿನಂತೆ ಕೈಗೆ ಸಿಕ್ಕಿತು. ಎಕ್ಸ್‌ರೇ ತೆಗೆಸಿದಾಗ ಮಾಂಸಖಂಡದೊಳಗೆ ಮೂಳೆ ಬೆಳೆಯುತ್ತಿತ್ತು.

ಪೆಟ್ಟು ತಿಂದ ಮೊಣಕೈಯ ಸುತ್ತಲಿನ ಮಾಂಸವನ್ನು ಒರಟಾಗಿ ನೀವಿ ಎಳೆದರೆ ಹೀಗಾಗಬಲ್ಲದು ಎಂಬುದು ಮೂಳೆವೈದ್ಯರಿಗೆಲ್ಲ ತಿಳಿದ ಸಂಗತಿ, ನಮಗೂ ತಿಳಿದಿರಬೇಕಾಗಿತ್ತು. ದೇಹದ ಬೇರೆ ಕೀಲುಗಳಿಗಿಂತ ಮೊಣಕೈಗೆ ಈ ಕೆಡುಕು ಹೆಚ್ಚು. ಸುಶ್ರುತರು ಮೊಣಕೈಯನ್ನು ಕೂರ್ಪರ ಮರ್ಮವೆಂದು ಕರೆದು, ಅದನ್ನು ವೈಕಲ್ಯಕರ ಮರ್ಮಗಳ ಗುಂಪಿಗೆ ಸೇರಿಸಿದ್ದಾರೆ. ಅದಕ್ಕೆ ಆಘಾತವಾದರೆ ಕೈ ಕೊಂಕಾಗಿ ಉಳಿಯುವುದೆಂದು ಹೇಳಿದ್ದಾರೆ. ಆ ಪಾಠದಲ್ಲಿ ನಾವು ಪರೀಕ್ಷೆ ಬರೆದು ತೇರ್ಗಡೆಯಾಗಿದ್ದೆವು. ಆಘಾತವೆಂದರೆ ಮರದಿಂದ ಬೀಳುವುದು ಮಾತ್ರವೆಂದು ತಿಳಿದಿದ್ದೆವು. ನಮ್ಮ ಹೆಬ್ಬೆರಳೂ ಆಘಾತವೇ ಎಂಬುದು ತಿಳಿದಿರಲಿಲ್ಲ. ಆ ಹುಡುಗನಿಗೆ ಈಗ ನಲವತ್ತೈದು ದಾಟಿದೆ. ಬಲಗೈ ಬಾಯಿಗೆ ತಲುಪದು, ಎಡಗೈಯಲ್ಲಿಯೇ ಊಟ. ಪೇಟೆಯಲ್ಲಿ ಕಂಡಾಗಲೆಲ್ಲ ಆ ಎಡಗೈಯನ್ನೆತ್ತಿ ನಗುತ್ತ ಮಾತನಾಡಿಸುತ್ತಾನೆ. ನಮಗೆ ಅವನ ಮುಖವನ್ನು ನೋಡುವುದು ಈಗಲೂ ಕಷ್ಟ.

ಹೊಸ ಲಿಗಮೆಂಟ್ ಹಾಕಿಸಿಕೊಂಡವರಿಗೆ ಇನ್ನೊಂದು ಅಪಾಯವೂ ಉಂಟು. ಕೈಯನ್ನು ಬಲವಂತವಾಗಿ ನೆಟ್ಟಗೆ ಮಾಡಹೊರಟರೆ ಆ ಎಳೆತವು ಇನ್ನೂ ಜೀವ ತುಂಬದ ಹುರಿಯ ಮೇಲೆ ಬೀಳುತ್ತದೆ. ಒಮ್ಮೆ ಹಿಗ್ಗಿದ ಹುರಿ ಮರಳಿ ಬಿಗಿಯಾಗದು. ಕೈ ನೆಟ್ಟಗಾಯಿತೆಂದು ಮನೆಯವರು ಸಂತೋಷಪಡುತ್ತಾರೆ. ಎಸೆಯುವ ದಿನ ಕೀಲು ಮತ್ತೆ ತೆರೆದುಕೊಳ್ಳುತ್ತದೆ. ಇಷ್ಟಕ್ಕೂ ವರ್ಷಗಟ್ಟಲೆ ಎಸೆದವರಲ್ಲಿ ಪೆಟ್ಟಿಲ್ಲದ ಮೊಣಕೈ ಕೂಡ ಐದು ಹತ್ತು ಡಿಗ್ರಿ ಬಾಗಿಯೇ ಇರುವುದು ಸಾಮಾನ್ಯ. ಏಳನೆಯ ವಾರದ ಹದಿನೈದು ಡಿಗ್ರಿಯ ಬಾಗಿಗೆ ಹೆದರಿ ಕೈಯನ್ನು ಯಾರದೋ ಮುಷ್ಟಿಗೆ ಒಪ್ಪಿಸಬೇಕಾಗಿಲ್ಲ.

ಹೆಜಮಾಡಿಯ ಹುಡುಗನ ಹದಿನಾಲ್ಕು ತಿಂಗಳು

ಹಾಗಾದರೆ ಏನು ಮಾಡಬೇಕು? ನಮ್ಮ ಊರಿನವನೇ ಆದ, ಭರ್ಜಿ ಎಸೆಯುವ ಯುವಕನೊಬ್ಬನ ಚಿಕಿತ್ಸೆಯ ಮಗ್ಗುಲಲ್ಲಿ ನಾವು ಹದಿನಾಲ್ಕು ತಿಂಗಳು ಇದ್ದೆವು. ಶಸ್ತ್ರಚಿಕಿತ್ಸೆ ಮಾಡಿದವರು ಬೇರೆ, ವ್ಯಾಯಾಮ ಕಲಿಸಿದ ಫಿಸಿಯೋಥೆರಪಿಸ್ಟ್ ಬೇರೆ; ಮನೆಯ ಹತ್ತಿರದ ವೈದ್ಯರಾಗಿ ಊಟ, ನಿದ್ರೆ, ಧೈರ್ಯ ಇವುಗಳನ್ನು ನೋಡಿಕೊಂಡವರು ಮಾತ್ರ ನಾವು. ಅವನ ಹಾದಿಯನ್ನೇ ಹೇಳುತ್ತೇವೆ. ದಿನ ವಾರಗಳ ಲೆಕ್ಕ ಶಸ್ತ್ರಚಿಕಿತ್ಸೆಯ ವಿಧಾನವನ್ನು ಅನುಸರಿಸಿ ಬದಲಾಗುತ್ತದೆಯಾದ್ದರಿಂದ ತಮ್ಮ ಶಸ್ತ್ರವೈದ್ಯರ ಚೀಟಿಯೇ ಪ್ರಮಾಣ.

ಮೊದಲ ಒಂದು ವಾರ, ಹತ್ತು ದಿನ, ಮೊಣಕೈಯನ್ನು ಸಮಕೋನದಲ್ಲಿ ಮಡಚಿ ಪಟ್ಟಿಯಲ್ಲಿ ಇರಿಸಿದ್ದರು. ಆಗಲೂ ಕೈ ಸುಮ್ಮನಿರಲಿಲ್ಲ: ಬೆರಳುಗಳನ್ನು ಮಡಚಿ ಬಿಚ್ಚುವುದು, ಮೆತ್ತನೆಯ ಚೆಂಡನ್ನು ಹಿಡಿದು ಬಿಡುವುದು. ಆಮೇಲೆ ಕೀಲುಳ್ಳ ಬ್ರೇಸ್ ಬಂತು. ಎಷ್ಟು ಬಿಚ್ಚಬಹುದು, ಎಷ್ಟು ಮಡಚಬಹುದು ಎಂಬ ಮಿತಿಯನ್ನು ಅದರಲ್ಲಿಯೇ ಕಟ್ಟಿಡಲು ಬರುತ್ತದೆ. ವಾರ ವಾರವೂ ಆ ಮಿತಿಯನ್ನು ತುಸು ತುಸು ಸಡಿಲಿಸುತ್ತ, ಆರನೆಯ ವಾರದ ಸುಮಾರಿಗೆ ಕೈಗೆ ಅದರ ಪೂರ್ಣ ಚಲನೆ ಬರುವಂತೆ ನೋಡುವುದು ಉದ್ದೇಶ. ಎಲ್ಲ ಚಲನೆಯೂ ರೋಗಿಯ ಸ್ವಂತ ಬಲದಿಂದ, ನೋವಿನ ಅಂಚಿನವರೆಗೆ ಮಾತ್ರ. ಈ ಅವಧಿಯಲ್ಲಿ ಆ ಕೈಯಿಂದ ಬಿಂದಿಗೆ ಎತ್ತುವುದು, ಬೈಕಿನ ಹಿಡಿಕೆ ಹಿಡಿಯುವುದು, ಮಲಗುವಾಗ ಕೈಯನ್ನು ತಲೆಯಡಿ ಇಟ್ಟುಕೊಳ್ಳುವುದು ಎಲ್ಲವೂ ನಿಷಿದ್ಧ. ಕೊನೆಯದನ್ನು ಯಾರೂ ಹೇಳುವುದಿಲ್ಲ. ಕೈಯನ್ನು ತಲೆಯಡಿ ಮಡಚಿ ಮಲಗುವುದೆಂದರೆ ಎಸೆತದ ಭಂಗಿಯಲ್ಲಿಯೇ ರಾತ್ರಿಯನ್ನು ಕಳೆಯುವುದು.

ಆರನೆಯ ವಾರದಿಂದ ಮೂರನೆಯ ತಿಂಗಳವರೆಗೆ ಹಗುರವಾದ ಬಲವರ್ಧನೆ. ಇದು ತೀರ ಬೇಸರದ ಕಾಲ. ರಾಜ್ಯಮಟ್ಟದಲ್ಲಿ ಎಸೆದ ಹುಡುಗ ಅರ್ಧ ಕಿಲೋ ತೂಕ ಹಿಡಿದು ಮಣಿಕಟ್ಟನ್ನು ಮೇಲೆ ಕೆಳಗೆ ಆಡಿಸಬೇಕು. “ಡಾಕ್ಟ್ರೇ, ಇದು ಮಕ್ಕಳ ಆಟ” ಎಂದು ಅವನು ಬೇಸರಿಸಿದಾಗ ನಾವು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಒಂದು ಮಾತನ್ನು ತಿಳಿಸಿದೆವು. ಅಂಗೈ ಮುರಿದು ಕೂಡಿದವನು ಮೊದಲು ಮಣ್ಣಿನ ಉಂಡೆಯನ್ನು ಹಿಡಿಯಬೇಕು, ಬಳಿಕ ಉಪ್ಪಿನ ಗಟ್ಟಿಯನ್ನು, ಕೈಗೆ ಬಲ ಬಂದ ಮೇಲೆಯೇ ಕಲ್ಲನ್ನು ಎಂದು ಅಲ್ಲಿ ವಿಧಿಸಿದೆ. ಇಂದಿನ ಫಿಸಿಯೋಥೆರಪಿ ಕೇಂದ್ರದಲ್ಲಿ ಗೋಡೆಗೆ ಜೋಡಿಸಿಟ್ಟ ಬಣ್ಣಬಣ್ಣದ ರಬ್ಬರ್ ಪಟ್ಟಿಗಳೂ ತೂಕದ ಚೆಂಡುಗಳೂ ಆ ಕ್ರಮವನ್ನೇ ಪಾಲಿಸುತ್ತವೆ. ಹುಡುಗನಿಗೆ ಮಾತು ಹಿಡಿಸಿತು. ಆಮೇಲೆ ಬಂದಾಗಲೆಲ್ಲ “ಇನ್ನೂ ಮಣ್ಣಿನಲ್ಲಿಯೇ ಇದ್ದೇನೆ”, “ಉಪ್ಪಿಗೆ ಬಂದೆ” ಎಂದು ವರದಿ ಒಪ್ಪಿಸುತ್ತಿದ್ದ.

ಮೊಣಕೈ ವಿಶ್ರಾಂತಿಯಲ್ಲಿರುವಾಗ ಮಿಕ್ಕ ಶರೀರಕ್ಕೆ ವಿಶ್ರಾಂತಿ ಕೊಡುವುದು ದೊಡ್ಡ ತಪ್ಪು. ಇದನ್ನು ನಾವು ಕಲಿತದ್ದು ಆ ಹುಡುಗನ ಅಜ್ಜನಿಂದ. ಅವರು ಎಪ್ಪತ್ತರ ಪ್ರಾಯದಲ್ಲಿಯೂ ಶಾಂಭವಿಯ ಅಳಿವೆಯಲ್ಲಿ ಬೀಸುಬಲೆ ಎಸೆಯುವವರು. ನೀರು ಕುಡಿದು, ಅಂಚಿಗೆ ಸೀಸದ ಗುಂಡುಗಳ ಸಾಲಿರುವ ಆ ಬಲೆಯ ತೂಕ ಭರ್ಜಿಗಿಂತ ಎಷ್ಟೋ ಪಟ್ಟು. ಅರ್ಧ ಶತಮಾನ ಎಸೆದರೂ ಮೊಣಕೈ ನೋವೆಂದು ನಮ್ಮ ಬಳಿಗೆ ಬಂದವರಲ್ಲ. ಒಂದು ಸಂಜೆ ನಿಂತು ನೋಡಿದೆವು: ಪಾದಗಳು ಮರಳಿನಲ್ಲಿ ಊರಿ, ಸೊಂಟ ತಿರುಗಿ, ಬೆನ್ನು ತಿರುಗಿ, ಭುಜ ತಿರುಗಿ, ಕಟ್ಟಕಡೆಗೆ ಕೈ ಬಿಚ್ಚಿತು. “ಕೈಯಿಂದ ಎಸೆದರೆ ಬಲೆ ಅರಳುವುದಿಲ್ಲ ಮಗಾ, ಕಾಲಿನಿಂದ ಎಸೆಯಬೇಕು” ಎಂದು ಅವರು ಮೊಮ್ಮಗನಿಗೆ ಹೇಳಿದರು. ಬೀಸುಬಲೆಯ ಬೀಸು ಭರ್ಜಿಯ ಬೀಸಲ್ಲ, ಕೈ ತಲೆಯ ಮೇಲೆ ಹೋಗುವುದಿಲ್ಲ ಎಂಬುದು ನಿಜ. ಆದರೂ ಕ್ರೀಡಾವೈದ್ಯರು ಹೇಳುವುದು ಇದನ್ನೇ: ಎಸೆತದ ಬಲ ನೆಲದಿಂದ ಹೊರಟು ಕಾಲು, ಸೊಂಟ, ಬೆನ್ನು, ಹೆಗಲೆಲುಬುಗಳ ಮೂಲಕ ಕೈಗೆ ಬರಬೇಕು, ನಡುವೆ ಎಲ್ಲಿ ಕೊರತೆ ಬಿದ್ದರೂ ಅದನ್ನು ಮೊಣಕೈ ತುಂಬಿಕೊಡಬೇಕಾಗುತ್ತದೆ. ಆದ್ದರಿಂದ ಕಾಲು, ಸೊಂಟ, ಹೊಟ್ಟೆ, ಹೆಗಲೆಲುಬುಗಳ ವ್ಯಾಯಾಮವನ್ನು ಮೊದಲ ತಿಂಗಳಿನಿಂದಲೇ ಆರಂಭಿಸುತ್ತಾರೆ.

ಎಣ್ಣೆಗೆ ಇಲ್ಲಿ ಸ್ಥಾನವಿದೆ. ಗಾಯ ಒಣಗಿದ ಮೇಲೆ ಕಾಲು, ಬೆನ್ನು, ಭುಜಗಳಿಗೆ ವಾರಕ್ಕೆರಡು ಬಾರಿ ಉಗುರುಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ, ಬಳಿಕ ಬಿಸಿನೀರಿನ ಸ್ನಾನ. ನಿದ್ರೆ ಚೆನ್ನಾಗಿ ಬರುತ್ತದೆ. ಮೊಣಕೈಯನ್ನು ಮಾತ್ರ ಬಿಟ್ಟುಬಿಡಬೇಕು. ಗಾಯದ ಕಲೆಯನ್ನು ಮೃದುಗೊಳಿಸಬೇಕಾದರೆ ಫಿಸಿಯೋಥೆರಪಿಸ್ಟ್ ತೋರಿಸಿದಂತೆ, ಚರ್ಮದ ಮಟ್ಟಿಗೆ ಮಾತ್ರ.

ನಾಲ್ಕನೆಯ ತಿಂಗಳಲ್ಲಿ ನಮ್ಮ ಹುಡುಗ ಒಂದು ತಪ್ಪು ಮಾಡಿದ. ಎರಡು ಕೈಗಳಿಂದ ಚೆಂಡು ಎಸೆಯುವ ಅಭ್ಯಾಸ ಮಾತ್ರ ಅಪ್ಪಣೆಯಾಗಿತ್ತು. ಗೆಳೆಯರ ಜೊತೆ ಹೆಜಮಾಡಿ ಕೋಡಿಯ ಕಡಲಂಚಿಗೆ ಹೋದವನು ಮರಳಿನ ಮೇಲೆ ಬಿದ್ದಿದ್ದ ಬಿದಿರಿನ ಕೋಲನ್ನೆತ್ತಿ ಎಸೆದನಂತೆ. “ಅರ್ಧ ಬಲದಲ್ಲಿ ಎಸೆದದ್ದು” ಎಂಬುದು ಅವನ ವಾದ. ಬೇಸ್‌ಬಾಲ್ ಎಸೆತಗಾರರನ್ನು ಅಳೆದು ನೋಡಿದವರು ಕಂಡುಕೊಂಡದ್ದೇನೆಂದರೆ, ಅರ್ಧ ಬಲದಿಂದ ಎಸೆ ಎಂದು ಹೇಳಿದಾಗ ಅವರ ಕೈ ಅರ್ಧಕ್ಕಿಂತ ಬಹಳ ಹೆಚ್ಚಿನ ಬಲವನ್ನೇ ಹಾಕುತ್ತದೆ. ತಾವು ಅರ್ಧವೆಂದೇ ನಂಬಿರುತ್ತಾರೆ. ಹುಡುಗನಿಗೆ ಮೂರು ವಾರ ಒಳಮಗ್ಗುಲು ನೋವು, ಕಿರುಬೆರಳಿನಲ್ಲಿ ಜುಮ್ಮೆನ್ನುವಿಕೆ. ಶಸ್ತ್ರವೈದ್ಯರು ಪರೀಕ್ಷಿಸಿ ಹುರಿ ಉಳಿದಿದೆ ಎಂದ ಮೇಲೆಯೇ ಆ ಮನೆಯಲ್ಲಿ ಎಲ್ಲರೂ ಉಸಿರಾಡಿದ್ದು.

ಇದೇ ಕಾರಣಕ್ಕೆ ಮರಳಿ ಎಸೆಯುವುದನ್ನು ಬಲದ ಅಂದಾಜಿನಿಂದ ಅಳೆಯದೆ, ದೂರದಿಂದಲೂ ಎಸೆತಗಳ ಎಣಿಕೆಯಿಂದಲೂ ಅಳೆಯುತ್ತಾರೆ. ಸಾಮಾನ್ಯವಾಗಿ ನಾಲ್ಕು ಐದು ತಿಂಗಳು ಕಳೆದ ಬಳಿಕ ಹಗುರವಾದ ಚೆಂಡನ್ನು ಹದಿನಾಲ್ಕು ಮೀಟರಿನಷ್ಟು ದೂರಕ್ಕೆ, ಎಣಿಸಿ, ದಿನ ಬಿಟ್ಟು ದಿನ. ನೋವಿಲ್ಲದೆ ಒಂದು ಹಂತ ಮುಗಿದರೆ ಮುಂದಿನ ದೂರ. ನೋವಾದರೆ ಒಂದು ಹಂತ ಹಿಂದಕ್ಕೆ. ಭರ್ಜಿ ಕೈಗೆ ಬರುವುದು ಇದೆಲ್ಲ ಮುಗಿದ ಮೇಲೆ: ಮೊದಲು ನಿಂತಲ್ಲಿಂದ, ಆಮೇಲೆ ಕೆಲವೇ ಹೆಜ್ಜೆಗಳಿಂದ, ಕೊನೆಗೆ ಪೂರ್ಣ ಓಟದಿಂದ. ಪುರುಷರ ಭರ್ಜಿ 800 ಗ್ರಾಂ, ಮಹಿಳೆಯರದು 600 ಗ್ರಾಂ. ಹದಿನೆಂಟರೊಳಗಿನವರಿಗೆ 700 ಮತ್ತು 500 ಗ್ರಾಂ. ದೊಡ್ಡವರು ಮರಳುವಾಗಲೂ ಹಗುರವಾದುದರಿಂದ ಆರಂಭಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ನಮ್ಮ ಹುಡುಗ ಒಂದು ನೋಟುಪುಸ್ತಕದಲ್ಲಿ ದಿನಾಂಕ, ಎಸೆತಗಳ ಸಂಖ್ಯೆ, ದೂರ, ಮರುದಿನ ಬೆಳಗಿನ ನೋವು ಇಷ್ಟನ್ನು ಬರೆದಿಟ್ಟ. ಆ ದಿನದ ನೋವಿಗಿಂತ ಮರುಬೆಳಗಿನ ನೋವೇ ಹೆಚ್ಚು ನಿಜ ಹೇಳುತ್ತದೆ. ಹದಿನಾಲ್ಕನೆಯ ತಿಂಗಳಿನಲ್ಲಿ ಅವನು ಸ್ಪರ್ಧೆಗೆ ಇಳಿದ. ಹಳೆಯ ದೂರಕ್ಕೆ ಇನ್ನೂ ಎರಡು ಮೀಟರು ಸಾಲದು.

ಅಮೆರಿಕದಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾದ ಕ್ರೀಡಾಪಟುಗಳ ದೊಡ್ಡದೊಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಎರಡು ವರ್ಷ ಕಾಲ ವಿಚಾರಿಸಿ ನೋಡಲು ಸಿಕ್ಕಿದವರಲ್ಲಿ ನೂರಕ್ಕೆ 83 ಮಂದಿ ಹಿಂದಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಮೇಲಕ್ಕೆ ಮರಳಿದ್ದರು. ಎಸೆಯಲು ಆರಂಭಿಸಿದ್ದು ಸರಾಸರಿ 4.4 ತಿಂಗಳಿಗೆ, ಪೂರ್ಣ ಸ್ಪರ್ಧೆಗೆ ಮರಳಿದ್ದು ಸರಾಸರಿ 11.6 ತಿಂಗಳಿಗೆ. ಸರಾಸರಿ ಎಂದ ಮೇಲೆ ಅದಕ್ಕಿಂತ ತಡವಾದವರೂ ಬಹಳ ಮಂದಿ ಎಂಬುದನ್ನು ಮರೆಯಬಾರದು. ಇತ್ತೀಚೆಗೆ ಹರಿದ ಲಿಗಮೆಂಟನ್ನೇ ಹೊಲಿದು ಗಟ್ಟಿ ನೂಲಿನ ಪಟ್ಟಿಯಿಂದ ಆಸರೆ ಕೊಡುವ ವಿಧಾನ ಬಂದಿದೆ. ಅದರಲ್ಲಿ ಬೇಗ ಮರಳಬಹುದು, ಆದರೆ ಎಲ್ಲ ಹರಿತಕ್ಕೂ ಅದು ಹೊಂದುವುದಿಲ್ಲ.

ನಮ್ಮ ದೇಶದ ಉದಾಹರಣೆಯನ್ನು ಎಲ್ಲರೂ ಬಲ್ಲರು. ನೀರಜ್ ಚೋಪ್ರಾ ಅವರ ಬಲ ಮೊಣಕೈಗೆ 2019ರ ಮೇ ತಿಂಗಳಿನಲ್ಲಿ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅದು ಲಿಗಮೆಂಟಿನದಲ್ಲ, ಕೀಲಿನೊಳಗೆ ಸಿಡಿದು ಸೇರಿಕೊಂಡಿದ್ದ ಮೂಳೆಯ ಚೂರುಗಳನ್ನು ತೆಗೆಯುವುದಾಗಿತ್ತು. ಪುನಶ್ಚೇತನ ನಡೆದದ್ದು ನಮ್ಮದೇ ನಾಡಿನ ಬಳ್ಳಾರಿ ಜಿಲ್ಲೆಯಲ್ಲಿ, ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಆ ವರ್ಷ ದೋಹಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಅವರಿಗೆ ತಪ್ಪಿಹೋಯಿತು. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕದ ಪೋಚೆಫ್‌ಸ್ಟ್ರೂಮ್‌ನಲ್ಲಿ 87.86 ಮೀಟರ್ ಎಸೆದು ಒಲಿಂಪಿಕ್ಸ್‌ಗೆ ಅರ್ಹರಾದರು. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ 87.58 ಮೀಟರಿಗೆ ಚಿನ್ನ ಬಂತು. ಸಕಲ ಸೌಲಭ್ಯಗಳಿದ್ದ ಕೈಗೆ, ಲಿಗಮೆಂಟನ್ನು ಹೊಸದಾಗಿ ಹೆಣೆಯದೆ ಇದ್ದಾಗಲೂ, ಎಂಟು ತಿಂಗಳಿಗೆ ಮೇಲ್ಪಟ್ಟು ಬೇಕಾಯಿತು. ಲಿಗಮೆಂಟ್ ಹೆಣೆಸಿಕೊಂಡ ಹದಿನೇಳರ ಹುಡುಗಿಯನ್ನು ಐದನೆಯ ತಿಂಗಳಿಗೆ ಮೈದಾನಕ್ಕೆ ಕಳುಹಿಸುವುದು ಎಲ್ಲಿಯ ನ್ಯಾಯ?

ಆಹಾರದ ವಿಷಯ. ಸಸ್ಯಾಹಾರದಿಂದ ಹುರಿ ಕೂಡುವುದೇ ಎಂದು ಅನೇಕರು ಕೇಳುತ್ತಾರೆ. ಕೂಡುತ್ತದೆ, ಆದರೆ ಅನ್ನ ಸಾರಿನಿಂದ ಮಾತ್ರ ಕೂಡದು. ಹಾಲು, ಮೊಸರು, ಮೊಳಕೆ ಬರಿಸಿದ ಹೆಸರು ಮತ್ತು ಮಡಿಕೆ, ಕಡಲೆ, ಹುರುಳಿ, ಶೇಂಗಾ ಇವು ದಿನದ ಮೂರು ಊಟಗಳಲ್ಲಿಯೂ ಇರಬೇಕು. ಜೊತೆಗೆ ರೊಟ್ಟಿ, ಸೊಪ್ಪು, ಒಂದು ನೆಲ್ಲಿಕಾಯಿ ಅಥವಾ ಪೇರಲಹಣ್ಣು. ಕೈ ಆಡದ ದಿನಗಳಲ್ಲಿ ಮೈ ಬರುತ್ತದೆಂದು ಊಟವನ್ನು ಅರ್ಧ ಮಾಡುವುದು ಸಲ್ಲದು. ರಾತ್ರಿ ಎಂಟು ಗಂಟೆಗಳ ನಿದ್ರೆ ಬೇಕೇ ಬೇಕು. ಇನ್ನು ಔಷಧ: ನಮ್ಮ ಪದ್ಧತಿಯದೇ ಆಗಲಿ, ಲೇಹ್ಯ, ಚೂರ್ಣ, ಗುಗ್ಗುಳು ಏನನ್ನೇ ತೆಗೆದುಕೊಳ್ಳುತ್ತಿದ್ದರೂ ಶಸ್ತ್ರವೈದ್ಯರಿಗೆ ಮೊದಲೇ ತಿಳಿಸಬೇಕು. ಸ್ಪರ್ಧಿಸುವ ಮಕ್ಕಳು ಹೆಸರಿಲ್ಲದ ‘ಶಕ್ತಿಪುಡಿ’ಗಳನ್ನು ಮುಟ್ಟಲೇಬಾರದು, ಅವುಗಳಲ್ಲಿ ನಿಷೇಧಿತ ದ್ರವ್ಯ ಬೆರೆತಿದ್ದರೆ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಗಿಡಮೂಲಿಕೆ ಎಂಬ ಸಬೂಬು ನಡೆಯದು.

ಕಿರುಬೆರಳು, ಉಂಗುರಬೆರಳುಗಳಲ್ಲಿ ಜೋಮು ಹೆಚ್ಚುತ್ತಿದ್ದರೆ, ಮುಷ್ಟಿಯ ಬಿಗಿ ಕಡಿಮೆಯಾದರೆ, ಗಾಯ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಮತ್ತೆ ಸದ್ದಿನೊಡನೆ ನೋವು ಕಾಣಿಸಿಕೊಂಡರೆ, ಅಥವಾ ವ್ಯಾಯಾಮ ಮಾಡಿದಷ್ಟೂ ಕೀಲಿನ ಚಲನೆ ಕುಗ್ಗುತ್ತಿದ್ದರೆ ಮರುದಿನಕ್ಕೆ ಮುಂದೂಡದೆ ಶಸ್ತ್ರಚಿಕಿತ್ಸೆ ಮಾಡಿದವರನ್ನೇ ಕಾಣಬೇಕು.

ಆ ತಾಯಿಯವರ ಎರಡನೆಯ ಪತ್ರ ದೀಪಾವಳಿಗೆ ಬಂತು. ಮೊದಲ ಪತ್ರದಲ್ಲಿ ಬರೆಯದಿದ್ದ ವಿಷಯ ಅದರಲ್ಲಿತ್ತು: ಮಗಳಿಗೆ ಮುಂದಿನ ವರ್ಷ ಕ್ರೀಡಾ ಕೋಟಾದಲ್ಲಿ ಸೀಟು ಸಿಗಬೇಕಾದರೆ ಈ ಸಾಲಿನ ಕೂಟದಲ್ಲಿ ಸ್ಥಾನ ಗಳಿಸಬೇಕಾಗಿತ್ತು, ಅದಕ್ಕಾಗಿಯೇ ಅಷ್ಟು ಅವಸರ. ಕೂಟ ಅವಳಿಲ್ಲದೆಯೇ ಮುಗಿದಿದೆ. ಹಿಂದಿನ ವರ್ಷದ ಪ್ರಮಾಣಪತ್ರ ನಡೆಯುವುದೇ ಎಂದು ತಂದೆಯವರು ವಿಚಾರಿಸುತ್ತಿದ್ದಾರಂತೆ. ನೀವುವವರ ಬಳಿಗೆ ಹೋಗಲಿಲ್ಲ. ಬಾಗು ಈಗ ನಾಲ್ಕು ಐದು ಡಿಗ್ರಿಗೆ ಇಳಿದಿದೆ. ಅದಕ್ಕೆ ಯಾರೂ ಕೈ ಹಚ್ಚಿಲ್ಲ. ಹುಡುಗಿ ದಿನವೂ ಬೆಳಿಗ್ಗೆ ಕಾಲಿನ ವ್ಯಾಯಾಮ ಮಾಡಿ, ಎಡಗೈಯಲ್ಲಿ ಬರೆಯುವುದನ್ನು ಕಲಿತದ್ದಕ್ಕೆ ಗುರುತಾಗಿ ಪತ್ರದ ಕೆಳಗೆ ಎರಡು ಸಾಲು ಬರೆದಿದ್ದಾಳೆ. ಅಕ್ಷರಗಳು ಸೊಟ್ಟಗಿವೆ. ಎಸೆತ ಆರಂಭಿಸಲು ಶಸ್ತ್ರವೈದ್ಯರು ಸಂಕ್ರಾಂತಿಯ ಬಳಿಕ ಬರಲು ಹೇಳಿದ್ದಾರಂತೆ. ನೋಟುಪುಸ್ತಕವೊಂದನ್ನು ಈಗಲೇ ಕೊಂಡಿಡುವಂತೆ ನಾವು ಮರುಟಪಾಲಿನಲ್ಲಿ ತಿಳಿಸಿದ್ದೇವೆ.